ಬೆಕ್ಕನ್ನು ತಿಂದ ಬಂಗುಡೆ

ಹೊಸ ಭಾಷೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಪದಪಟ್ಟಿಗೆ. ನೀರಿಗೊಂದು, ಮೀನಿಗೊಂದು ಅಂತ ಇನ್ನೂರು ಪದ ಮಾಡಿ ಮುಗಿಸಿದ ಮೇಲೆ ನೋಡಿದರೆ ಅದು ವೇಷ ಹಾಕಿದ ಕನ್ನಡ, ಅಷ್ಟೆ. ಮಕ್ಕಳ ನಾಟಕವೊಂದರ ಕಡಲವಾಸಿಗಳಿಗೆ ಭಾಷೆ ಮಾಡಲು ಉಡುಪಿಯಲ್ಲಿ ಒಂದು ಭಾನುವಾರ ಸೇರಿದಾಗ, ಮಧ್ಯಾಹ್ನದ ಊಟದವರೆಗೆ ಪದಪಟ್ಟಿಯ ಸುದ್ದಿಯೇ ಬೇಡ ಎಂದು ಮೊದಲೇ ನಿಗದಿಯಾಗಿತ್ತು.

ಧ್ವನಿಯಿಂದ ಶುರು. ಮಕ್ಕಳ ನಾಲಿಗೆಗೆ ಸಲೀಸಾಗಬೇಕು, ಆದರೆ ಕನ್ನಡದಂತೆಯೋ ತುಳುವಿನಂತೆಯೋ ಕೇಳಬಾರದು. ಹಾಗಾಗಿ ನಾಲಿಗೆ ಮಡಚಿ ಹೇಳುವ ಟ, ಡ, ಣ, ಳ ಹೊರಗೆ. ಉಳಿದ ವ್ಯಂಜನ 11: ಪ ತ ಕ ಮ ನ ಸ ಹ ಯ ರ ಲ ವ. ಸ್ವರ 5, ಎಲ್ಲವೂ ಹ್ರಸ್ವ. ಪ್ರತಿ ಅಕ್ಷರಕ್ಕೆ ಒಂದು ವ್ಯಂಜನ, ಒಂದು ಸ್ವರ, ಬೇಕಿದ್ದರೆ ಕೊನೆಗೊಂದು ನ್. ಸರಿಯಾಗಿ ಕೇಳಿಸದ ಯಿ, ವು, ವೊ ಬಿಟ್ಟರೆ 52. ನ್ ಸೇರಿದವನ್ನೂ ಎಣಿಸಿದರೆ 104. ಎರಡಕ್ಷರದ ಪದಗಳೇ 10,816 ಆಗುತ್ತವೆ. ನಾಟಕಕ್ಕೆ ನೂರೈವತ್ತು ಸಾಕು. ಇಷ್ಟು ಜಾಗ ಇರುವಾಗ ಬೆಕ್ಕು ‘ಮಿರು’, ನಾಯಿ ‘ಮಿಲು’ ಅಂತ ಒತ್ತೊತ್ತಾಗಿ ಇಡುವ ಅಗತ್ಯವಿಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೆ ಎರಡೂ ಒಂದೇ ಕೇಳುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಲ್ಲಿ ಅದನ್ನು ಮುಂದಕ್ಕೆ ತಂದದ್ದಾಯಿತು. ‘ತೆ ಕೊಲ ಮಿರು ಪನ್ಸೊ’: ‘ತೆ’ ಭೂತಕಾಲ, ‘ಕೊಲ’ ತಿನ್ನು, ‘ಪನ್ಸೊ’ ಬಂಗುಡೆ ಮೀನು. ಬೆಕ್ಕು ಬಂಗುಡೆ ತಿಂದಿತು. ವಿಭಕ್ತಿ ಇಲ್ಲ, ಯಾರು ಯಾರನ್ನು ತಿಂದರು ಅನ್ನುವುದು ಪದಗಳ ಕ್ರಮದಿಂದಲೇ ತಿಳಿಯಬೇಕು. ಇಲ್ಲಿಯವರೆಗೆ ಸರಾಗ. ‘ತಿಂದ’ ಎಂಬಂಥ ಕೃದಂತಕ್ಕೆ ಬದಲಾಗಿ ‘ನಿ’ ಎಂಬ ಕೊಂಡಿ ಹಾಕಿ ‘ಪನ್ಸೊ ನಿ ತೆ ಕೊಲ ಮಿರು’ ಅಂದಾಗ ಕಥೆ ಕೆಟ್ಟಿತು. ಬೆಕ್ಕು ತಿಂದ ಬಂಗುಡೆಯೋ, ಬೆಕ್ಕನ್ನೇ ತಿಂದ ಬಂಗುಡೆಯೋ? ಬಂಗುಡೆ ಕೊಂಡಿಯ ಆಚೆ ಹೋದದ್ದರಿಂದ ಕ್ರಿಯಾಪದದ ನಂತರ ಉಳಿದದ್ದು ಒಂದೇ ಹೆಸರು. ಅದು ಕರ್ತೃವೋ ಕರ್ಮವೋ ಹೇಳುವ ಗುರುತಿಲ್ಲ. (ಆಡುಮಾತಿನಲ್ಲಿ ‘ಅನ್ನು’ ನುಂಗಿ ‘ಬೆಕ್ಕು ತಿಂದ ಮೀನು’ ಅನ್ನುವ ನಮಗೂ ಈ ಗೊಂದಲ ಇದೆ, ಮೀನು ಬೆಕ್ಕನ್ನು ತಿನ್ನುವುದಿಲ್ಲವಾದ್ದರಿಂದ ಗೊತ್ತಾಗುವುದಿಲ್ಲ.)

1887ರಲ್ಲಿ ಎಸ್ಪೆರಾಂತೋ ಎಂಬ ಕಟ್ಟಿದ ಭಾಷೆಯನ್ನು ಪ್ರಕಟಿಸಿದ ಜಾಮೆನ್‌ಹಾಫ್ ಕರ್ಮಪದದ ಕೊನೆಗೆ ನ್ ಹಚ್ಚಿ ಇಂಥದ್ದನ್ನು ತಪ್ಪಿಸಿದ್ದರು. ಅದನ್ನೇ ತರೋಣವೆಂದರೆ ಇಲ್ಲಿ ಮೂಲಪದಗಳೇ ನ್‌ನಲ್ಲಿ ಮುಗಿಯಬಹುದು. ಪ್ರತ್ಯಯ ಯಾವುದು, ಪದ ಯಾವುದು ತಿಳಿಯದು. ಕೊನೆಗೆ ನಿಂತದ್ದು, ಖಾಲಿಯಾದ ಜಾಗದಲ್ಲಿ ‘ಹಿ’ ಎಂಬ ಸರ್ವನಾಮ ಕೂರಿಸುವ ಉಪಾಯ. ‘ತೆ ಕೊಲ ಮಿರು ಹಿ’ ಅಂದರೆ ಬೆಕ್ಕು ಅದನ್ನು ತಿಂದಿತು, ‘ತೆ ಕೊಲ ಹಿ ಮಿರು’ ಅಂದರೆ ಅದು ಬೆಕ್ಕನ್ನು. ಒಂದಕ್ಷರ ಜಾಸ್ತಿ, ಆದರೆ ಅನುಮಾನವಿಲ್ಲ.

‘ನಾವು’ ಎರಡು ಬೇಕು ಅನ್ನುವುದಕ್ಕೆ ಚರ್ಚೆಯೇ ಆಗಲಿಲ್ಲ. ಕೇಳುವವರನ್ನು ಸೇರಿಸಿದರೆ ‘ನಮ’, ಬಿಟ್ಟರೆ ‘ಎಂಕುಳು’ ಅಂತ ತುಳುವಿನಲ್ಲಿ ದಿನಾ ಹೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊಟದ ನಂತರ ಪದಗಳು. ಭಾಷಾವಿಜ್ಞಾನಿ ಮೋರಿಸ್ ಸ್ವಾದೇಶ್ ಅವರ 207 ಮೂಲ ಪದಗಳ ಪಟ್ಟಿಯನ್ನು ಹಲವರು ಕಣ್ಣುಮುಚ್ಚಿ ತುಂಬುತ್ತಾರೆ. ಅದು ಭಾಷೆಗಳ ನಂಟು ಅಳೆಯಲು ಆದದ್ದು. ಅದರಲ್ಲಿ ಹಿಮ ಇದೆ, ಅಳಿವೆ ಇಲ್ಲ, ಬಲೆ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ‘ಹಾಕು’ ತರಹದ ಕ್ರಿಯಾಪದ: ಬಾಗಿಲು ಹಾಕು, ಅಂಗಿ ಹಾಕು, ಲೈಟ್ ಹಾಕು, ಬಲೆ ಹಾಕು. ನಾಲ್ಕಕ್ಕೂ ಒಂದೇ ಪದ ಕೊಟ್ಟರೆ ಬೆಳಗ್ಗಿನ ಶ್ರಮ ನೀರುಪಾಲು. ಬಾಗಿಲಿಗೂ ಅಂಗಿಗೂ ‘ಮುಚ್ಚು’ ಎಂಬರ್ಥದ ‘ವನ್ತಿ’, ಬಲೆಗೆ ‘ಎಸೆ’ ಎಂಬರ್ಥದ ‘ರುಪ’ ಆಯಿತು. ಲೈಟ್ ಕಡಲಡಿಯಲ್ಲಿ ಬೇಕಿಲ್ಲ. ಪದಗಳನ್ನು ಬರೆದಿಟ್ಟ ಪುಸ್ತಕದಲ್ಲಿ ಪ್ರತಿ ಪದದ ಮುಂದೆ ಅರ್ಥದ ಜೊತೆ ‘ಇದಕ್ಕೆ ಬಳಸಬಾರದು’ ಅಂತ ಇನ್ನೊಂದು ಅಂಕಣ ಇಟ್ಟದ್ದು ಇದಕ್ಕಾಗಿಯೇ.

ಊರ ಹೆಸರುಗಳೂ ಇದೇ ನಿಯಮಕ್ಕೆ ಬಗ್ಗಬೇಕು. ಲ್ ಅಕ್ಷರದ ಕೊನೆಗೆ ನಿಲ್ಲದ್ದರಿಂದ ಮಲ್ಪೆ ‘ಮಲಪೆ’. ಸ್ವರದಿಂದ ಪದ ಶುರುವಾಗುವಂತಿಲ್ಲ, ಡ ಇಲ್ಲ. ಹಾಗಾಗಿ ಉಡುಪಿ ‘ಹುರುಪಿ’.