ಅರಿವಿ ನೀವಽ ಕೊಟ್ಟಿದ್ದಲ್ರೀ ಸರ?

ಮಂಗಳವಾರದಿಂದ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಹೇಳಿದ್ದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವ ಹುಡುಗ. ಗದಗದ ಕಡೆಯವನು, ಅಲ್ಲಿ ಅರಿವಿ ಅಂದರೆ ಬಟ್ಟೆ. ಜೋರಾಗಿ ಹೇಳಲಿಲ್ಲ. ಎದುರು ಮಾತಾಡುವ ದನಿಯೂ ಅಲ್ಲ. ಕೈಯಲ್ಲಿದ್ದ ಬಟ್ಟೆ ನೋಡುತ್ತಲೇ ಕೇಳಿದ, ಅಷ್ಟೇ.

ಅವನ ಎದುರಿಗೆ ನಿಂತಿದ್ದವರು ಮೂರನೇ ಮಹಡಿಯ ಯಜಮಾನರು. ಕಪ್ಪು ಬಣ್ಣದ ಹೊಸ ಕಾರು, ತಗೊಂಡು ಇನ್ನೂ ವರ್ಷ ತುಂಬಿಲ್ಲ. ಬೇಸ್‌ಮೆಂಟಿನಲ್ಲಿ ಫಳಫಳ ಅನ್ನುತ್ತಿದ್ದ ಕಾರನ್ನು ಹೊರಗೆ ತಂದು ಬಿಸಿಲಿಗೆ ನಿಲ್ಲಿಸಿದ್ದಾರೆ. ಬಾನೆಟ್ ತುಂಬ ಸಣ್ಣ ಗೀರುಗಳು, ಜೇಡರ ಬಲೆಯ ಹಾಗೆ ಸುತ್ತು ಸುತ್ತಾಗಿ. "ಏನಯ್ಯಾ ಇದು? ಗುಂಡಗೆ ಉಜ್ಜಿ ಉಜ್ಜಿ ಹಾಳು ಮಾಡಿಟ್ಟಿದ್ದೀಯಲ್ಲ! ಈ ತಿಂಗಳ ದುಡ್ಡು ಕೇಳಬೇಡ" ಅಂದರು. ಆಗಲೇ ಅವನು ಕೇಳಿದ್ದು: "ಅರಿವಿ ನೀವಽ ಕೊಟ್ಟಿದ್ದಲ್ರೀ ಸರ?"

ಕೇಳಿ ಸುಮ್ಮನಾಗಲಿಲ್ಲ. ಬಟ್ಟೆಯನ್ನು ಹಿಂಡಿ, ಅಂಗೈ ಮೇಲೆ ಹರಡಿ ತೋರಿಸಿದ. ನಾನು ಪಕ್ಕದಲ್ಲೇ ಇದ್ದೆ. ಅದು ಅವರ ಮಗನ ಹಳೇ ಸ್ಕೂಲ್ ಟೀ ಶರ್ಟ್. ಎದೆ ಮೇಲೆ ಹೌಸ್ ಹೆಸರು ಅರ್ಧ ಅಳಿಸಿತ್ತು. ಕಾಲರ್ ಹಾಗೇ ಇತ್ತು, ಅದರ ಕೆಳಗೆ ಎರಡು ಪ್ಲಾಸ್ಟಿಕ್ ಗುಂಡಿ. ತೋಳಿನ ಹೊಲಿಗೆಯ ಉದ್ದಕ್ಕೂ ಬೂದು ಬಣ್ಣದ ಗೆರೆ. ಹುಡುಗ ಹೆಬ್ಬೆರಳಿನಿಂದ ಆ ಗೆರೆಯನ್ನು ತಿಕ್ಕಿದ. ಸಣ್ಣ ಮರಳು ಉದುರಿತು. ನಮ್ಮ ಬೀದಿಯಲ್ಲಿ ಮೂರು ಕಡೆ ಮನೆ ಕಟ್ಟುತ್ತಿದ್ದಾರೆ. ಆ ಧೂಳೆಲ್ಲ ಹೋಗಿ ಕೂರುವುದು ಇಂಥ ಹೊಲಿಗೆಗಳಲ್ಲೇ.

ಯಜಮಾನರಿಗೆ ಫೋನ್ ಬಂತು. ಮಾತಾಡುತ್ತಾ ಹೊರಟುಹೋದರು.

ಅವರು ಕೆಟ್ಟವರಲ್ಲ. ಹಬ್ಬ ಬಂದರೆ ಸೆಕ್ಯುರಿಟಿಯವರಿಗೆಲ್ಲ ತಾವೇ ಸ್ವೀಟ್ ಹಂಚುತ್ತಾರೆ. ಲಿಫ್ಟ್ ಕೆಟ್ಟಾಗ ಮೊದಲು ಓಡಾಡುವವರೂ ಅವರೇ. ಆದರೆ ಬಣ್ಣ ಕಾಪಾಡಲಿ ಅಂತ ಕಾರಿಗೆ ಸಿರಾಮಿಕ್ ಕೋಟಿಂಗ್ ಮಾಡಿಸಲು ಸಾವಿರಗಟ್ಟಲೆ ಸುರಿದವರು, ಆ ಕೋಟಿಂಗ್ ಮೇಲೆ ದಿನಾ ಓಡಾಡುವ ಬಟ್ಟೆಗೆ ಒಂದು ರೂಪಾಯಿ ಖರ್ಚು ಮಾಡಲಿಲ್ಲ. ಇದು ನನಗೆ ಎಷ್ಟು ಯೋಚಿಸಿದರೂ ಒಪ್ಪಿಗೆಯಾಗುತ್ತಿಲ್ಲ.

ಗುಂಡಗೆ ಉಜ್ಜಿದ ಅನ್ನುವ ಆರೋಪವೂ ಸುಳ್ಳು. ಆ ಗೀರುಗಳು ಎಲ್ಲ ದಿಕ್ಕಿನಲ್ಲೂ ಇರುತ್ತವೆ. ಬೆಳಕಿಗೆ ಅಡ್ಡವಾಗಿರುವ ಗೀರುಗಳು ಮಾತ್ರ ಹೊಳೆದು ಕಾಣುತ್ತವೆ, ಅದಕ್ಕೇ ಸೂರ್ಯನ ಪ್ರತಿಬಿಂಬದ ಸುತ್ತ ಬಳೆ ಬಳೆಯಾಗಿ ತೋರುವುದು. ನೀವು ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ ನೋಡಿ, ಬಳೆಗಳೂ ನಿಮ್ಮ ಜೊತೆ ಸರಿಯುತ್ತವೆ. ನೇರವಾಗಿ ಒರೆಸಿದ್ದರೂ ಕೊಳೆ ಬಟ್ಟೆಯಾದರೆ ಇದೇ ಗತಿ. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40-50 ಮೈಕ್ರಾನ್ ದಪ್ಪ ಇರುತ್ತದೆ. ತಲೆಗೂದಲಿಗಿಂತ ತೆಳು. ಅದರ ಮೇಲೆ ದಿನಾ ಮರಳು ಎಳೆದರೆ ಏನಾಗಬೇಕೋ ಅದೇ ಆಗಿದೆ. ಬಿಳಿ ಕಾರಾಗಿದ್ದರೆ ಕಾಣುತ್ತಿರಲಿಲ್ಲ. ಕಪ್ಪಾದ್ದರಿಂದ ಕಂಡಿತು.

ಒರೆಸುವುದೇ ಬೇಡ, ನೀರು ತಾನಾಗಿ ಆರಲಿ ಅಂದರೆ ಅದೂ ಬೆಂಗಳೂರಿನಲ್ಲಿ ಆಗದ ಮಾತು. ನಮ್ಮದು ಬೋರ್‌ವೆಲ್ ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿರುವ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಸೈ. ನಮ್ಮ ಟ್ಯಾಂಕರಿನವರು ತರುವ ನೀರನ್ನು ಸ್ಟೀಲ್ ಲೋಟದಲ್ಲಿ ಇಟ್ಟರೆ ಸಾಕು, ಆರಿದ ಮೇಲೆ ಬಿಳಿ ಉಂಗುರ ಉಳಿಯುತ್ತದೆ. ಕಾರಿನ ಮೇಲೂ ಅದೇ ಕಲೆ. ಬಿಸಿಲಿನಲ್ಲಿ ಕಾದು ಕೂತರೆ ಆಮೇಲೆ ಒರೆಸಿದರೂ ಹೋಗುವುದಿಲ್ಲ. ಹಾಗಾಗಿ ತೊಳೆದ ತಕ್ಷಣ, ನೆರಳಿನಲ್ಲೇ, ಒರೆಸಲೇಬೇಕು.

ನೀರೂ ಮೊದಲಿನಷ್ಟು ಬಳಸುವ ಹಾಗಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತಲ್ಲ. ಆವತ್ತು ನಮ್ಮಲ್ಲಿ ಪೈಪು ಹೋಗಿ ಬಕೆಟ್ ಬಂತು. ಮತ್ತೆ ಪೈಪು ಬರಲಿಲ್ಲ, ಬರುವುದೂ ಬೇಡ, ಅದು ಸರಿಯಾದ ಕೆಲಸವೇ. ಆದರೆ ಪೈಪಿನ ನೀರು ಧೂಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಈಗ ಆ ಕೆಲಸವೂ ಬಟ್ಟೆಯ ಮೇಲೇ ಬಿದ್ದಿದೆ. ನೀರು ಕಮ್ಮಿಯಾದಷ್ಟೂ ಬಟ್ಟೆ ಒಳ್ಳೆಯದಿರಬೇಕು. ಈ ಲೆಕ್ಕವನ್ನು ನಮ್ಮ ಯಾವ ಮೀಟಿಂಗಿನಲ್ಲೂ ಯಾರೂ ಹಾಕಲಿಲ್ಲ.

ಗುರುವಾರ ಜೆ.ಸಿ. ರಸ್ತೆಗೆ ಹೋದೆ. ಕಾರಿನ ಸಾಮಾನು ಅಂದರೆ ನನಗೆ ಇವತ್ತಿಗೂ ಆ ರಸ್ತೆಯೇ. ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ನೋಡದೆ ತಗೊಳ್ಳುವುದು ನನಗೆ ಆಗದು. ಅಂಗಡಿಯವರು ಮೊದಲು ಮುಂದಿಟ್ಟಿದ್ದು ಸಿಗ್ನಲ್‌ಗಳಲ್ಲಿ ಮಾರುವ ಹಳದಿ ಬಟ್ಟೆ. ಆಮೇಲೆ ಶಾಮಿ, ಡಬ್ಬಿಯಲ್ಲಿ ಸುತ್ತಿಟ್ಟ ರಬ್ಬರಿನಂಥದ್ದು. ಶಾಮಿ ನೀರನ್ನು ಚೆನ್ನಾಗಿ ಹೀರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಮೈ ನುಣುಪು. ಎಲ್ಲೋ ಒಂದು ಕಣ ಉಳಿದಿದ್ದರೆ ಅದು ಅಡಗಲು ಜಾಗವಿಲ್ಲ, ಬಣ್ಣದ ಮೇಲೇ ಎಳೆದುಕೊಂಡು ಹೋಗುತ್ತದೆ. ಮೈಕ್ರೋಫೈಬರ್, ಅಂದರೆ ಕೂದಲಿಗಿಂತ ಸಣ್ಣ ಸಿಂಥೆಟಿಕ್ ಎಳೆಗಳ ಬಟ್ಟೆ, ಅದರಲ್ಲಿ ಜೂಲು ಇರುತ್ತದೆ. ಕಣ ಮೇಲೆದ್ದು ಜೂಲಿನೊಳಗೆ ಹೋಗಿ ಕೂರುತ್ತದೆ.

ಮೈಕ್ರೋಫೈಬರ್ ಪ್ಯಾಕೆಟ್ ಮೇಲೆ 80/20, 70/30 ಅಂತ ಬರೆದಿರುತ್ತಾರೆ. ಪಾಲಿಯೆಸ್ಟರ್ ಎಷ್ಟು, ನೈಲಾನ್ ಜಾತಿಯ ಪಾಲಿಅಮೈಡ್ ಎಷ್ಟು ಅನ್ನುವ ಲೆಕ್ಕ ಅದು. ಎರಡನ್ನೂ ಒಂದೇ ಎಳೆಯಾಗಿ ತೆಗೆದು, ಆಮೇಲೆ ಆ ಎಳೆಯನ್ನು ಸೀಳುತ್ತಾರೆ. ಒಂಬತ್ತು ಕಿಲೋಮೀಟರ್ ಉದ್ದ ಎಳೆದರೂ ಒಂದು ಗ್ರಾಂ ತೂಗದಷ್ಟು ಸಣ್ಣ ಎಳೆಗಳಿವು. ಸೀಳಿದ ಸಂದುಗಳಲ್ಲೇ ನೀರು ಹಿಡಿಯುವುದು. ಸರಿಯಾಗಿ ಸೀಳದ ಬಟ್ಟೆ ನೀರನ್ನು ಹೀರುವುದಿಲ್ಲ, ಈ ಕಡೆಯಿಂದ ಆ ಕಡೆಗೆ ತಳ್ಳುತ್ತದೆ. ಇದನ್ನು ಅಂಗಡಿಯಲ್ಲೇ ತಿಳಿಯಬಹುದು. ಒಣಗಿದ ಅಂಗೈ ಮೇಲೆ ನಿಧಾನವಾಗಿ ಎಳೆಯಿರಿ. ಚರ್ಮಕ್ಕೆ ಸಣ್ಣಗೆ ಕಚ್ಚಿಕೊಂಡ ಹಾಗಾದರೆ ಸೀಳಿದೆ. ಸುಮ್ನೆ ಜಾರಿಹೋದರೆ ವಾಪಸ್ ಇಡಿ. ಹಳದಿ ಬಟ್ಟೆ ಜಾರಿತು.

"ಮೇಡಂ, ಜಿಎಸ್‌ಎಂ ಜಾಸ್ತಿ ಇದ್ದಷ್ಟೂ ಒಳ್ಳೇದು, ಇದು ನೋಡಿ 1,200" ಅಂತ ಅಂಗಡಿಯವರು ದಪ್ಪದ್ದೊಂದು ತೆಗೆದರು. ನಾನು ಒಪ್ಪಲಿಲ್ಲ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ದಪ್ಪವಿದ್ದರೆ ನೀರು ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ನೀರು ಕುಡಿದು ಭಾರವಾಗುತ್ತದೆ, ಹಿಂಡಲು ಕಷ್ಟ. ಮಳೆಗಾಲದಲ್ಲಿ ಬೇಸ್‌ಮೆಂಟಿನಲ್ಲಿ ನೇತು ಹಾಕಿದರೆ ಎರಡು ದಿನ ಕಳೆದರೂ ಆರದೆ ಮುಗ್ಗಲು ವಾಸನೆ ಬರುತ್ತದೆ. ವಾರಕ್ಕೊಮ್ಮೆ ಒಂದು ಕಾರು ಒರೆಸುವವರಿಗೆ 1,200 ಸರಿಯೇ. ಬೆಳಿಗ್ಗೆ ಐದಕ್ಕೆ ಶುರು ಮಾಡಿ, ಎಲ್ಲರೂ ಆಫೀಸಿಗೆ ಹೊರಡುವ ಮೊದಲು ಸಾಲು ಕಾರು ಮುಗಿಸುವವನ ಕೈ ಬೇರೆ.

ಕೊನೆಗೆ ಆರಿಸಿದ್ದು ಇಷ್ಟು. ನೀರು ತೆಗೆಯಲು ತಿರುಚಿದ ಕುಣಿಕೆಗಳ ನೇಯ್ಗೆಯದು, 600 ಜಿಎಸ್‌ಎಂ, ದೊಡ್ಡ ಸೈಜು ಒಂದು, ಚಿಕ್ಕದು ಎರಡು. ಗಾಜಿಗೆ ಚೌಕಳಿ ಚೌಕಳಿ ಇರುವ ವಾಫಲ್ ನೇಯ್ಗೆಯದು, ಅದು ನೂಲು ಬಿಡುವುದಿಲ್ಲ. ಚಕ್ರಕ್ಕೂ ಬಾಗಿಲಿನ ಕೆಳಭಾಗಕ್ಕೂ ಸಾದಾ ತೆಳುವಾದವು. ಅಂಚನ್ನು ಒಂದೊಂದನ್ನೂ ಬೆರಳಿನಿಂದ ಸವರಿ ನೋಡಿದೆ. ಗಟ್ಟಿ ದಾರದ ಹೊಲಿಗೆ ಇದ್ದವನ್ನು ಬಿಟ್ಟೆ. ಕಂಪನಿ ಲೇಬಲ್ ಇದ್ದವನ್ನು ಮನೆಗೆ ತಂದು ಲೇಬಲ್ ಕತ್ತರಿಸಿದೆ. ಗೀರು ಮಾಡಲು ಒಂದು ಲೇಬಲ್ ಸಾಕು.

ಮನೆಯಲ್ಲಿ ಅಡುಗೆ ತಕ್ಕಡಿ ಮೇಲಿಟ್ಟೆ. ನೀವೂ ಇದನ್ನು ಮಾಡಿ, ದಯವಿಟ್ಟು. 40 ಸೆಂ.ಮೀ. ಚೌಕದ 400 ಜಿಎಸ್‌ಎಂ ಬಟ್ಟೆ 64 ಗ್ರಾಂ ತೂಗಬೇಕು. 60ಕ್ಕೆ 90ರ 600 ಜಿಎಸ್‌ಎಂ ಬಟ್ಟೆ 324 ಗ್ರಾಂ. ನಾನು ಈಗ ತಂದವು ಹತ್ತಿರ ಹತ್ತಿರ ಬಂದವು. ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದ ಒಂದನ್ನೂ ಇಟ್ಟು ನೋಡಿದೆ. ಅದೇ ಅಳತೆ, ಪ್ಯಾಕೆಟ್ ಮೇಲೆ 800 ಅಂತ ಇತ್ತು. ತೂಕ 300 ಗ್ರಾಂ ದಾಟಲಿಲ್ಲ. 800 ನಿಜವಾಗಿದ್ದರೆ 432 ಗ್ರಾಂ ಇರಬೇಕಿತ್ತು. ಯಾರೂ ತೂಗುವುದಿಲ್ಲ ಅಂತ ಅವರಿಗೆ ಗೊತ್ತು, ಅದಕ್ಕೇ ಬಾಯಿಗೆ ಬಂದ ಅಂಕಿ ಅಚ್ಚು ಹಾಕುತ್ತಾರೆ. ನನಗೆ ನಿಜಕ್ಕೂ ಸಿಟ್ಟು ಬಂತು.

ತೂಗುತ್ತಿರುವಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಅರಿವಿ ನೀವಽ ಕೊಟ್ಟಿದ್ದಲ್ರೀ ಸರ. ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವವರ ಕೈಗೆ ಏನು ಕೊಡುತ್ತೇವೆ ನೋಡಿ. ಕಡ್ಡಿ ಉದುರಿದ ಪೊರಕೆ. ಹಿಡಿ ಅಲ್ಲಾಡುವ ಬಕೆಟ್. ಮೊಂಡು ಚಾಕು ಕೊಟ್ಟು, ಬೀನ್ಸ್ ಸಣ್ಣಗೆ ಹೆಚ್ಚಲ್ಲ ಅಂತ ದೂರು. ನಮಗೆ ಬೇಡವಾದದ್ದೇ ಅವರ ಕೆಲಸದ ಸಾಮಾನು. ಅದರಲ್ಲಿ ಹೊಸದರ ಹಾಗೆ ಕೆಲಸ ಆಗಬೇಕು, ಆಗದಿದ್ದರೆ ಅವರ ಕೈ ಸರಿಯಿಲ್ಲ, ಗಮನ ಸರಿಯಿಲ್ಲ. ಗ್ಯಾರೇಜಿನ ಮೇಸ್ತ್ರಿಗೆ ಯಾರಾದರೂ ತುಕ್ಕು ಹಿಡಿದ ಸ್ಪ್ಯಾನರ್ ಕೊಟ್ಟು ನನ್ನ ಗಾಡಿ ಬಿಚ್ಚು ಅನ್ನುತ್ತಾರಾ? ಅವನ ಸಾಮಾನನ್ನು ಅವನೇ ಆರಿಸುತ್ತಾನೆ. ಅದಕ್ಕೇ ಅವನನ್ನು ನಾವು ಕೆಲಸ ಬಲ್ಲವನು ಅನ್ನುವುದು. ಕಾರು ತೊಳೆಯುವ ಹುಡುಗನಿಗೆ ಒಂದು ಕಾರಿಗೆ ತಿಂಗಳಿಗೆ 600 ರೂಪಾಯಿ. ಅದರಲ್ಲಿ ಒಳ್ಳೆಯ ಟವೆಲ್ ತಗೊಳ್ಳಲಿ ಅನ್ನುವವರು ಅವನ ಜಾಗದಲ್ಲಿ ನಿಂತು ಲೆಕ್ಕ ಹಾಕಲಿ.

ಶುಕ್ರವಾರ ಸಂಜೆ ಮೂರನೇ ಮಹಡಿಗೆ ಹೋದೆ. ಪ್ರತಿಬಿಂಬದ ವಿಷಯ, ಮರಳಿನ ವಿಷಯ, ಟೀ ಶರ್ಟಿನ ಗುಂಡಿಯ ವಿಷಯ ಎಲ್ಲ ಹೇಳಿದೆ. ಅವರ ಹೆಂಡತಿ ಕಾಫಿ ತಂದುಕೊಟ್ಟು, "ಆ ಶರ್ಟ್ ಕೊಟ್ಟಿದ್ದು ನಾನೇ ಕಣ್ರೀ, ಚಿಂದಿ ಆಗಿತ್ತಲ್ಲ ಅಂತ" ಅಂದರು. ಯಜಮಾನರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ದುಡ್ಡು ಕೊಡ್ತೀನಿ ಬಿಡಿ, ಅದಕ್ಕೇನಂತೆ" ಅಂದರು. ಹುಡುಗನಿಗೆ ಒಂದು ಮಾತು ಹೇಳಿ ಅಂತಲೂ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ದುಡ್ಡು ಕೊಡುವುದು ಸುಲಭ ಅಲ್ವಾ.

ಶನಿವಾರ ಬೆಳಿಗ್ಗೆ ಬಟ್ಟೆಗಳನ್ನು ಅವನ ಕೈಗೆ ಕೊಟ್ಟು, ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿದೆ. ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತದೆ, ಒಂದು ಮುಖ ಕೊಳೆಯಾದ ತಕ್ಷಣ ತಿರುಗಿಸು. ಮೇಲಿನಿಂದ ಕೆಳಕ್ಕೆ ಬಾ. ಒತ್ತಬೇಡ, ಹರಡಿ ಎಳೆ, ನೀರು ತಾನೇ ಬರುತ್ತದೆ. ನೆಲಕ್ಕೆ ಬಿದ್ದ ಬಟ್ಟೆ ಒಗೆಯುವವರೆಗೂ ಕಾರಿಗೆ ಮುಟ್ಟಬಾರದು. ಒಗೆಯುವಾಗ ಬಿಸಿ ನೀರು ಬೇಡ, ಹತ್ತಿ ಬಟ್ಟೆ ಜೊತೆ ಬೇಡ, ಹತ್ತಿಯ ನೂಲೆಲ್ಲ ಇದಕ್ಕೆ ಹತ್ತಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಸುವಾಸನೆಯ ಲಿಕ್ವಿಡ್ ಅಂತೂ ಹಾಕಲೇಬಾರದು. ಎಳೆಗಳ ಮೇಲೆ ಅದರ ಜಿಡ್ಡು ಕೂತರೆ ನೀರು ಹೀರುವುದು ನಿಂತುಹೋಗುತ್ತದೆ.

ಅವನು ತಲೆಯಾಡಿಸುತ್ತಾ ಕೇಳಿದ. ಆಮೇಲೆ ದೊಡ್ಡದರಿಂದ ನನ್ನ ಕಾರಿನ ಟಾಪ್ ಒರೆಸಿ, ಹಿಂಡಿ, ಕೈಯಲ್ಲಿ ತೂಗಿ ನೋಡಿದ. "ಅಕ್ಕಾರ, ಇದು ತೊಯ್ದ ಮ್ಯಾಲ ಭಾಳ ವಜ್ಜಿ ಆಗ್ತೈತ್ರೀ. ಸಣ್ಣುವು ಚಲೋ ಅದಾವು" ಅಂದ. 600 ಜಿಎಸ್‌ಎಂ ಕೂಡ ಅವನ ಕೈಗೆ ಜಾಸ್ತಿಯೇ, ಸೈಜು ಅಷ್ಟಿದ್ದರೆ. ಅದನ್ನು ಅವನೇ ಹೇಳಬೇಕಿತ್ತು, ಹೇಳಿದ. ಚಕ್ರದ ಬಟ್ಟೆ ಬೇರೆಯವುಗಳ ಜೊತೆ ಬೆರೆಯದ ಹಾಗೆ ಮೂಲೆಗೆ ಕಪ್ಪು ದಾರ ಹೊಲಿಯುತ್ತೇನೆ ಅಂತಲೂ ಅಂದ. ನನಗೆ ಹೊಳೆಯದೆ ಇದ್ದ ಉಪಾಯ ಅದು.

ದೊಡ್ಡದನ್ನು ನನ್ನ ಕಾರಿನಲ್ಲಿ ಇಟ್ಟುಕೊಂಡಿದ್ದೇನೆ. ಅವನಿಗೆ ಚಿಕ್ಕ ಸೈಜಿನವು ಇನ್ನೂ ನಾಲ್ಕು ಬೇಕಂತೆ. ಒಂದು ಬೆಳಿಗ್ಗೆಗೆ ಒಂದು ಬಟ್ಟೆ ಎರಡು ಕಾರಿಗಿಂತ ಜಾಸ್ತಿ ಒರೆಸುವುದಿಲ್ಲ, ಆಮೇಲೆ ತೊಯ್ದು ನೀರು ತಳ್ಳಲು ಶುರು ಮಾಡುತ್ತದೆ ಅಂದ. ಎಲ್ಲ ಮನೆಗಳಿಂದ ಒಂದಿಷ್ಟು ದುಡ್ಡು ಹಾಕಿದರೆ ವರ್ಷಕ್ಕಾಗುವಷ್ಟು ಒಟ್ಟಿಗೆ ತರಬಹುದು ಅಂತ ಅಸೋಸಿಯೇಷನ್ ಗುಂಪಿನಲ್ಲಿ ಬರೆದಿದ್ದೇನೆ, ಯಾವುದು ಬೇಕು ಅಂತ ಅವನನ್ನೇ ಕೇಳಿ ಅಂತಲೂ ಸೇರಿಸಿದ್ದೇನೆ. ಐದು ಮನೆಯವರು ಹೂಂ ಅಂದಿದ್ದಾರೆ. ಉಳಿದವರ ಬಾಗಿಲು ತಟ್ಟಬೇಕು.