ಬೇವಿಗೆ 18 ಎಂಎಂ ಝೋನ್ ಬಂದ ದಿನ

ಬೇವಿನ ಸಾರ ಬ್ಯಾಕ್ಟೀರಿಯಾ ತಡೀತದೇನು ಅಂತ ನೋಡಾಕ ಎಮ್ಮೆಸ್ಸಿ ಪ್ರಾಜೆಕ್ಟಿಗೆ ನಾ ಬೇವಿನ ಎಲಿ ತಗೊಂಡಿದ್ದೆ. ಕಲಬುರಗಿಯೊಳಗ ನಮ್ಮ ಓಣಿ ಗಿಡದ್ದೇ ಎಲಿ, ಅವ್ವ ನೆರಳಾಗ ಒಣಗಿಸಿ ಕೊಟ್ಟಿದ್ಲು, ಮೇ ತಿಂಗಳ ಝಳಕ್ಕ ಕೈಯಾಗ ಹಿಡದ್ರ ಪುಡಿಪುಡಿ ಆಗ್ತಿತ್ತು.

ಅವತ್ತು ಮುಂಜಾನಿ ಇನ್‌ಕ್ಯುಬೇಟರ್ ತೆಗೆದು ಬ್ಯಾಕ್ಟೀರಿಯಾ ಬೆಳಸಿದ್ದ ಪ್ಲೇಟ್ ಬೆಳಕಿಗೆ ಹಿಡದೆ, ಬೇವಿನ ಸಾರ ಹಾಕಿದ ಕಾಗದದ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾನೇ ಇಲ್ಲದ ದೊಡ್ಡ ಝೋನ್, ಸ್ಕೇಲ್ ಇಟ್ಟು ನೋಡಿದ್ರ 18 ಎಂಎಂ, ಡಿಸ್ಕೇ 6 ಎಂಎಂ ಇರ್ತದ ನೋಡ್ರಿ. ಖುಷಿಗೆ ಅವ್ವಗ ಫೋನ್ ಹಚ್ಚಿ ಹೇಳೇಬಿಟ್ಟೆ. ಗೈಡ್ ಮೇಡಂ ಬಂದವ್ರು ಬೇವಿನ ಕಡೆ ನೋಡ್ಲೇ ಇಲ್ಲ, "ಸ್ಟ್ಯಾಂಡರ್ಡ್ ಎಷ್ಟ್ ಬಂದದ?" ಅಂದ್ರು.

ಸ್ಟ್ಯಾಂಡರ್ಡ್ ಅಂದ್ರ ಅದೇ ಪ್ಲೇಟಿನಾಗ ಇಟ್ಟಿದ್ದ ಕ್ಲೋರಾಂಫೆನಿಕಾಲ್ ಅನ್ನೋ ಆಂಟಿಬಯಾಟಿಕ್ ಡಿಸ್ಕ್, 30 ಮೈಕ್ರೋಗ್ರಾಂ. ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಅನ್ನೋ ಎರಡೂ ಗುಂಪಿನ ಬ್ಯಾಕ್ಟೀರಿಯಾ ಮ್ಯಾಲೂ ನಡೀತದ, ಬ್ಯಾಕ್ಟೀರಿಯಾದ ರೈಬೋಸೋಮ್ ಹಿಡದು ಪ್ರೋಟೀನ್ ಕಟ್ಟೋದನ್ನೇ ನಿಲ್ಲಸ್ತದ. ನಮ್ಮಪ್ಪಗ ಸಣ್ಣಂದಿದ್ದಾಗ ಟೈಫಾಯಿಡ್ ಬಂದಾಗ ಇದೇ ಮಾತ್ರಿ ಕೊಟ್ಟಿದ್ರಂತ, ಎಲುಬಿನ ಮಜ್ಜೆಗೆ ಅಪಾಯ ಅಂತ ಈಗ ಡಾಕ್ಟರ್ ಬರೆಯೋದು ಭಾಳ ಕಡಿಮಿ, ಆದ್ರ ಲ್ಯಾಬಿನಾಗ ಹೋಲಿಸಿ ನೋಡಾಕ ಇನ್ನೂ ಬೇಕು. ನಾ ಬೆಳಸಿದ್ದ ಇ.ಕೋಲಿ ಎಟಿಸಿಸಿ 25922 ಅನ್ನೋ ಪರೀಕ್ಷೆ ಬ್ಯಾಕ್ಟೀರಿಯಾ ಮ್ಯಾಲ ಅದರ ಝೋನ್ 21ರಿಂದ 27 ಎಂಎಂ ಒಳಗೇ ಇರ್ಬೇಕು. ನಂದು 32 ಬಂದಿತ್ತು.

"ಔಷಧ ತಾನಾಗೇ ಜೋರ ಆಗಂಗಿಲ್ಲಪ್ಪ" ಅಂತಂದು ಮೇಡಂ ಬ್ಲೇಡಿಲೆ ಆಗರ್, ಅಂದ್ರ ಪ್ಲೇಟಿನಾಗ ಬ್ಯಾಕ್ಟೀರಿಯಾ ಬೆಳಿಯೋ ಜೆಲ್ಲಿ, ಕೊಯ್ದು ಸ್ಕೇಲ್ ನಿಲ್ಲಿಸಿದ್ರು. 3 ಎಂಎಂ ಸುದ್ದಾ ಇರ್ಲಿಲ್ಲ. ಇರಬೇಕಾದ್ದು 4, ಅಂದ್ರ 90 ಎಂಎಂ ಪ್ಲೇಟಿಗೆ 25 ಎಂಎಲ್ ಹತ್ರ ಹಾಕ್ಬೇಕು, ನಾ ಮುಲ್ಲರ್ ಹಿಂಟನ್ ಆಗರ್ ಡಬ್ಬಿ ತಳ ಕಂಡದ ಅಂತ 250 ಎಂಎಲ್ದಾಗ 15 ಪ್ಲೇಟ್ ಮಾಡಿದ್ದೆ. ತೆಳ್ಳಗಿದ್ರ ಔಷಧಕ್ಕ ಕೆಳಗ ಇಳಿಯಾಕ ಜಾಗ ಇಲ್ಲ, ಬಾಜೂಕ ಹರಡ್ತದ, ಝೋನ್ ಹಿಗ್ಗತದ, ಬೇವಿಂದೂ ಹಂಗೇ ಹಿಗ್ಗಿತ್ತು. ಆ ಒಂದು ಡಿಸ್ಕ್ ಇಲ್ಲಂದಿದ್ರ ನಾ 18 ಅಂತಲೇ ಥೀಸಿಸಿನಾಗ ಬರೀತಿದ್ದೆ, ಅದನ್ನ ನೆನಸಿದ್ರ ಈಗೂ ಎದಿ ಝಲ್ ಅಂತದ.

ಎಲ್ಲಾ ಆಟೋಕ್ಲೇವ್ ಮಾಡಿ (ಒತ್ತಡದ ಉಗಿಲೆ ಬ್ಯಾಕ್ಟೀರಿಯಾ ಸಾಯಿಸಿ) ಚೆಲ್ಲಿ, ಈ ಸಲ ಅಳದು ಹತ್ತೇ ಪ್ಲೇಟ್ ಹಾಕ್ದೆ. ಮರುದಿನ ಸ್ಟ್ಯಾಂಡರ್ಡ್ 24, ಬೇವಿನ ಸಾರ ಕರಗಿಸೋ ಡಿಎಂಎಸ್ಒ ದ್ರಾವಕ ಬರೇ ಹಾಕಿದ ಡಿಸ್ಕಿಗೆ ಏನೂ ಇಲ್ಲ, ಬೇವಿಗೆ 11.

ಅವ್ವಗ ಮತ್ತ ಫೋನ್ ಹಚ್ಚಿದೆ. "ಯಾಕೋ, ಎಲಿ ಛಲೋ ಇದ್ದಿದ್ದಿಲ್ಲೇನು?" ಅಂದ್ಲು. ಎಲಿ ಛಲೋನೇ ಇತ್ತವ್ವ, ನಾನೇ ಆಗರ್ ಕಡಿಮಿ ಹಾಕಿದ್ದೆ ಅಂದೆ.