ಡಬ್ಬಿ ಚಿಕ್ಕದು, ರೇಟು ದೊಡ್ಡದು

ನಿನ್ನೆ ಬೀದರ್‌ನಲ್ಲಿ ಅಂಗೈಯಷ್ಟಗಲದ ಬಿದ್ರಿ ಡಬ್ಬಿಯ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ್ದು) ರೇಟು ಕೇಳಿ "ಇಷ್ಟೊಂದಾ ಚಾಚಾ?" ಅಂದುಬಿಟ್ಟೆ. ಡಬ್ಬಿ ಮಾಡುವ ಚಾಚಾ ಸಿಟ್ಟಾಗಲಿಲ್ಲ. ಸುಮ್ನೆ ಪಕ್ಕದ ಸ್ಟೂಲ್ ತೋರಿಸಿದರು, ಕೂತು ಅವರ ಕೆಲಸ ನೋಡಿದೆ.

ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಎರಕ ಹೊಯ್ಯಬೇಕು. ಉಜ್ಜಿ ನುಣುಪು ಮಾಡಿ, ಗೀರು ಕಾಣಲೆಂದು ಮೈಲುತುತ್ತದಿಂದ ಸದ್ಯಕ್ಕಷ್ಟೇ ಕಪ್ಪಾಗಿಸಿ, ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಸಣ್ಣ ಬೆಳ್ಳಿ ತಂತಿ ಬಡಿದು ಕೂರಿಸಬೇಕು. ಒಂದೇ ಎಲೆ ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿತ್ತು! ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಲವಣ ಬೆರೆಸಿದ ಬಿಸಿ ನೀರಲ್ಲಿ ಅದ್ದಬೇಕು. ಆಗ ಲೋಹ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಬೆಳ್ಳಿ ರೇಟಂತೂ ಕೇಳಲೇಬೇಡಿ.

ಚೌಕಾಸಿ ಮಾಡದೆ ದುಡ್ಡು ಕೊಟ್ಟೆ. ಹೋದ ತಿಂಗಳು ಹೈದರಾಬಾದ್ ಮಾಲ್‌ನಲ್ಲಿ ಇದರ ಎರಡು ಪಟ್ಟು ಕೊಟ್ಟು ಶೂ ತಂದಾಗ ನಾನು ಬಾಯೇ ಬಿಟ್ಟಿರಲಿಲ್ಲ, ಅಲ್ವಾ.